ಕೊಳವೆಯ ಆಚೆ ತುದಿ

ಬೀಗ ರಿಪೇರಿಯವನು ಅಂಗಡಿಯ ಹಿಂದಿನ ಕೋಣೆಯಲ್ಲಿ ವಿಮಾನ ಕಟ್ಟುತ್ತಿದ್ದಾನೆಂದರೆ ಮೊದಮೊದಲು ಯಾರೂ ನಂಬಲಿಲ್ಲ. ನಂಬಿದ ಮೇಲೆ ಓಣಿಯವರೆಲ್ಲ ಅವನಿಗೆ ‘ಪೈಲಟ್ ಸಾಹೇಬ್ರು’ ಎಂದು ಹೆಸರಿಟ್ಟು, ನಕ್ಕು ಸುಮ್ಮನಾದರು. ಒಬ್ಬನೇ ಕೂರುವ ಪುಟ್ಟ ವಿಮಾನ. ಬಾಲವಾಯಿತು, ಚಕ್ರವಾಯಿತು, ಎಡರೆಕ್ಕೆಯೂ ಆಯಿತು. ಬಲರೆಕ್ಕೆಗೆ ಕೈ ಹಾಕುವ ಮುಂಚೆ ಹೆಂಡತಿ ತೀರಿಕೊಂಡಳು.

ರೆಕ್ಕೆಯ ಬೆನ್ನೆಲುಬೆಂದರೆ ಒಂದು ಉದ್ದನೆಯ ಅಲ್ಯೂಮಿನಿಯಂ ಕೊಳವೆ. ಹಾರುವಾಗ ಭಾರ ಹೊರುವುದೆಲ್ಲ ಅದೇ. ಕಬ್ಬಿಣವಾದರೆ ಕೆಂಪಗೆ ತುಕ್ಕು ಹಿಡಿದು ಊರಿಗೆಲ್ಲ ಸಾರುತ್ತದೆ. ಇದು ಹಾಗಲ್ಲ, ಹೊರಗೆ ಥಳಥಳ ಹೊಳೆಯುತ್ತಲೇ ಒಳಗೊಳಗೆ ಬಿಳಿ ಪುಡಿಯಾಗಿ ಸವೆಯುತ್ತದೆ. ಆದ್ದರಿಂದ ರೆಕ್ಕೆ ಮುಚ್ಚುವ ಮೊದಲು ಕೊಳವೆಯೊಳಗೆ ತುಕ್ಕು ತಡೆಯುವ ಎಣ್ಣೆ ಸುರಿದು, ಎರಡೂ ತುದಿಗೆ ಬಿರಡೆ ಜಡಿದು, ಎತ್ತಿ ಇಳಿಸಿ ಹೊರಳಿಸಿ ಎಲ್ಲ ಕಡೆಗೂ ಎಣ್ಣೆ ಓಡಾಡಿಸಬೇಕು. ಬೆರಳಗಲ ಒಣಗಿ ಉಳಿದರೂ ಆ ರೆಕ್ಕೆ ನಂಬಿ ಹಾರುವಂತಿಲ್ಲ.

ಕೋಣೆ ಚಿಕ್ಕದು, ಕೊಳವೆ ದೊಡ್ಡದು. ಎಡರೆಕ್ಕೆಯ ಸಲ ಗಂಡಹೆಂಡಿರು ಗೋಡೆಯ ಒಂದೆರಡು ಇಟ್ಟಿಗೆ ಕಿತ್ತು, ಕಿಂಡಿಯಿಂದ ಕೊಳವೆಯ ಅರ್ಧವನ್ನು ಹಿತ್ತಿಲಿಗೆ ತೂರಿಸಿದ್ದರು. ಅವನು ಒಳಗೆ, ಅವಳು ಹೊರಗೆ. ಕೂಗಾಡಿದರೆ ಓಣಿ ನಗುತ್ತದೆಂದು ಬೆರಳಗೆಣ್ಣಿನಿಂದ ಕೊಳವೆ ತಟ್ಟಿ ಮಾತಾಡುತ್ತಿದ್ದರು. ಒಂದು ತಟ್ಟಿದರೆ ಎತ್ತು, ಎರಡಾದರೆ ಹೊರಳಿಸು, ಮೂರಾದರೆ ಸಾಕು.

ಈಗ ಬಲರೆಕ್ಕೆಗೆ ಅವನೊಬ್ಬನೇ. ಅದೇ ಕಿಂಡಿಯಿಂದ ಕೊಳವೆ ತೂರಿಸಿ, ಒಳಗಿನ ತುದಿಯನ್ನು ಸ್ಟೂಲಿನ ಮೇಲೆತ್ತಿಟ್ಟು, ಅಂಗಡಿ ದಾಟಿ, ಓಣಿ ಸುತ್ತಿ ಹಿತ್ತಿಲಿಗೆ ಓಡಿದ. ಅಲ್ಲಿ ಎತ್ತಿ, ಮತ್ತೆ ಒಳಗೆ ಓಡಿದ. ಪಕ್ಕದ ಇಸ್ತ್ರಿ ಅಂಗಡಿಯವಳು ಕತ್ತು ಚಾಚಿದಳು.

“ಏನ್ ಪೈಲಟ್ ಸಾಹೇಬ್ರೇ, ರೆಕ್ಕೆ ಬೇಡ ಅಂತ ಕಾಲಲ್ಲೇ ಹಾರ್ತಿದೀರಾ?”

ಅವನು ಓಡುತ್ತಲೇ ಇದ್ದ. ಹೆಂಡತಿ ಹೋದಮೇಲೆ ಬೀಗ, ಕೀಲಿಕೈ ವಿಷಯ ಬಿಟ್ಟು ಯಾರೊಂದಿಗೂ ಮಾತೇ ಇರಲಿಲ್ಲ. ಬಿರಡೆ ತೆಗೆದು ಟಾರ್ಚ್ ಬಿಟ್ಟು ನೋಡಿದರೆ, ನಡುವೆ ಒಂದು ಪಟ್ಟಿ ಒಣಗಿಕೊಂಡೇ ಇತ್ತು. ಅವನು ಬಂದು ಹೊರಳಿಸುವಷ್ಟರಲ್ಲಿ ಎಣ್ಣೆ ಹರಿದು ತುದಿ ಸೇರಿರುತ್ತಿತ್ತು. ಯಾರನ್ನಾದರೂ ಕರೆಯಬೇಕು. ಆದರೆ ಅವಳ ಜಾಗಕ್ಕೆ ಬನ್ನಿ ಎಂದು ಯಾವ ಬಾಯಿಂದ ಕರೆಯುವುದು?

ಮತ್ತೆ ಬಿರಡೆ ಜಡಿದು ಕೂತ. ಕೂತವನ ಕೈ ತನ್ನಷ್ಟಕ್ಕೆ ಕೊಳವೆಯನ್ನು ಒಂದು ಸಲ ತಟ್ಟಿತು.

ಆಚೆ ತುದಿ ಮೆಲ್ಲಗೆ ಮೇಲೆದ್ದಿತು.

ಅವನು ಕೂತಲ್ಲೇ ಕೂತ. ಎದ್ದು ಹೋಗಿ ನೋಡಲಿಲ್ಲ. ನೋಡಿದರೆ ಅಲ್ಲಿರುವುದು ಬೇರೆ ಯಾರೋ ಆಗಿಬಿಡುತ್ತದೆ. ಎರಡು ಸಲ ತಟ್ಟಿದ. ಕೊಳವೆ ಹೊರಳಿತು. ಎಣ್ಣೆ ಗುಳುಗುಳು ಎನ್ನುತ್ತ ಅವನ ಕಡೆಗೆ ಹರಿದು ಬಂತು, ಹೋಯಿತು, ಮತ್ತೆ ಬಂತು. ಸಾಕಾಗಿ ಎಷ್ಟೋ ಹೊತ್ತಾದರೂ ಅವನು ಮೂರು ಸಲ ತಟ್ಟಲೇ ಇಲ್ಲ.

ಕಡೆಗೆ ಆಚೆಯಿಂದಲೇ ಟಕ್ ಟಕ್ ಟಕ್ ಎಂದಿತು.

“ಸಾಕ್ ಮಾಡ್ರೀ! ಕೈ ಬಿದ್ದೋಯ್ತು. ಅಲ್ಲಿ ಇಸ್ತ್ರಿಪೆಟ್ಟಿಗೆ ಕಾದು ಕೂತಿದೆ.”

ಅವನು ಕಿಂಡಿಗೆ ಬಾಯಿಟ್ಟು ಕೇಳಿದ. “ಈ ತಟ್ಟೋ ಲೆಕ್ಕ ನಿಮಗೆ ಹೇಗೆ ಗೊತ್ತು?”

“ಆವತ್ತು ಇಲ್ಲೇ ಬಟ್ಟೆ ಒಣಹಾಕ್ತಿದ್ದೆ. ನಿಮ್ಮಿಬ್ಬರದ್ದು ಮುಗಿಯೋವರೆಗೂ ಕೇಳ್ತಾ ನಿಂತಿದ್ದೆ. ನನಗೆ ಹಾಗೆ ತಟ್ಟೋರು ಯಾರಿದ್ರು?”

“ಇಷ್ಟು ಹೊತ್ತು ನಾನು ಓಡೋದು ನೋಡ್ತಿದ್ರಲ್ಲ, ಒಂದು ಕೈ ಕೊಡಬಾರದಿತ್ತಾ?”

“ಕರೆದ್ರಾ ನೀವು?”

ಅವಳು ಆಚೆ ತುದಿಯ ಬಿರಡೆ ತೆಗೆದಳು. ಅವನು ಈಚೆಯದನ್ನು ತೆಗೆದು, ಎಣ್ಣೆ ಬಸಿದು, ತುದಿ ಒರೆಸಿ, ಕೊಳವೆಗೆ ಕಣ್ಣಿಟ್ಟ. ಒಣಪಟ್ಟಿ ಇರಲಿಲ್ಲ, ಉದ್ದಕ್ಕೂ ಎಣ್ಣೆ ಮಿರುಗುತ್ತಿತ್ತು. ಬಲರೆಕ್ಕೆಯನ್ನು ಇನ್ನು ಮುಚ್ಚಬಹುದು. ಕೊನೆಯಲ್ಲಿ ಕಾಸಿನಗಲದ ಬೆಳಕು. ಅಷ್ಟರಲ್ಲಿ ಅದೂ ಕಪ್ಪಾಯಿತು. ಆಚೆಯಿಂದ ಅವಳೂ ಕಣ್ಣಿಟ್ಟಿದ್ದಳು.

“ಏನಾದ್ರೂ ಕಾಣ್ತಿದೆಯಾ?” ಎಂದ.

“ಇಲ್ಲಪ್ಪ. ಬರೀ ಕತ್ತಲೆ. ನಿಮಗೆ?”

“ನನಗೂ ಅಷ್ಟೇ.”

ಅವಳ ಚಪ್ಪಲಿ ಸದ್ದು ದೂರವಾಯಿತು. ಕಾಸಿನಗಲದ ಬೆಳಕು ತಿರುಗಿ ಬಂತು. ಅದರೊಳಗೆ ತಂತಿಯ ಮೇಲೆ ಯಾರದೋ ಅಂಗಿಯ ತೋಳೊಂದು ಗಾಳಿಗೆ ಎದ್ದು ಬೀಳುತ್ತಿತ್ತು. ಅವನು ಕೊಳವೆಯಿಂದ ಕಣ್ಣು ತೆಗೆಯಲಿಲ್ಲ.