ಅತ್ತಿಗೆ ಕೊಡದ ಮದ್ದು

ನಮ್ಮ ಅತ್ತಿಗೆ ಯಾವ ಬಾಗಿಲನ್ನೂ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಪ್ರಯೋಗಶಾಲೆಯಲ್ಲಿ ಕಲಿತ ಅಭ್ಯಾಸ ಮನೆಗೂ ಅಂಟಿಕೊಂಡು, ಮೊಣಕೈಯಿಂದ ಹಿಡಿಯನ್ನೊತ್ತಿ, ಭುಜ ಮುಂದುಮಾಡಿ, ಓರೆಯಾಗಿ ಒಳಬರುವ ಅವರನ್ನು ಕಂಡು ಅಣ್ಣ, ಮಹಾರಾಣಿಯ ಸವಾರಿ ಬಂತೆಂದು ನಗುತ್ತಿದ್ದ. ತೋಳಿನಂಚು ಆಮ್ಲಕ್ಕೆ ಸುಟ್ಟ ಬಿಳಿ ಕೋಟು, ಏನು ಕೇಳಿದರೂ ಮೊದಲು ಬರುವ "ಇರಲಿ, ನೋಡೋಣ" ಎಂಬ ಮಾತು, ಇವೆರಡನ್ನು ಬಿಟ್ಟು ಅವರನ್ನು ನೆನೆಯುವುದು ನನ್ನಿಂದಾಗದು.

ಕೆಲವು ಬ್ಯಾಕ್ಟೀರಿಯಾಗಳು ತಮ್ಮನ್ನು ಕೊಲ್ಲಬಂದ ಔಷಧವನ್ನೇ ಒಂದು ಕಿಣ್ವದಿಂದ ತುಂಡರಿಸಿ ಬದುಕಿಬಿಡುತ್ತವೆ. ಆ ಕಿಣ್ವದ ಬಾಯಿಗೆ ಸಿಕ್ಕಿಕೊಂಡು ಅದನ್ನು ಸುಮ್ಮನಾಗಿಸುವ ಪ್ರತಿಬಂಧಕವೊಂದನ್ನು ಕಟ್ಟಿದರೆ ಹಳೆಯ ಔಷಧವೇ ಮತ್ತೆ ಕೆಲಸಕ್ಕೆ ಬರುವುದೆಂಬ ನಂಬಿಕೆಯಲ್ಲಿ ಅತ್ತಿಗೆಯ ಯೌವನ ಕರಗಿತ್ತು.

ಸೊಂಟದ ಶಸ್ತ್ರಚಿಕಿತ್ಸೆಯ ಗಾಯ ಕೀವಾಗಿ ಅಣ್ಣ ಆಸ್ಪತ್ರೆ ಸೇರಿದ; ಒಂದರ ಹಿಂದೊಂದು ಔಷಧ ಸೋತಿತು. ಅತ್ತಿಗೆ ಅವನ ಗಾಯದ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಹಳೆಯ ಔಷಧದೊಡನೆ ತಮ್ಮ ಪ್ರತಿಬಂಧಕವನ್ನು ಬೆರೆಸಿ ಹಾಕಿದರು. ಮರುದಿನ ತಟ್ಟೆ ನಿಚ್ಚಳವಾಗಿತ್ತು, ಬ್ಯಾಕ್ಟೀರಿಯಾ ಒಂದೂ ಉಳಿದಿರಲಿಲ್ಲ. ಆದರೆ ಅದೇ ವಸ್ತು ಇಲಿಗಳ ಮೂತ್ರಪಿಂಡಗಳನ್ನು ಸುಟ್ಟಿತ್ತು; ಅಣ್ಣನವೋ ಆಗಲೇ ಸೋತು ಸುಣ್ಣವಾಗಿದ್ದವು. ವೈದ್ಯರು ಅದನ್ನು ಅಣ್ಣನಿಗೆ ಕೊಡಲು ವಿಶೇಷ ಅನುಮತಿ ಕೇಳೋಣವೇ ಎಂದರು. ಅತ್ತಿಗೆ ಬೇಡವೆಂದರು.

"ಕೈಯಲ್ಲಿ ಇಟ್ಕೊಂಡು ಕೊಡಲ್ಲ ಅಂತೀಯಲ್ಲಮ್ಮ, ನಿನಗೆ ಅವನು ಬೇಡ್ವಾ?" ಎಂದು ಅಮ್ಮ ಅವರ ಕೋಟು ಹಿಡಿದುಕೊಂಡಳು.

"ಅತ್ತೆ, ಅದಿನ್ನೂ ಮದ್ದಾಗಿಲ್ಲ. ಕೊಟ್ರೆ ಅದೇ ಅವರನ್ನ ಕೊಲ್ಲುತ್ತೆ."

ಅಣ್ಣ ಮಾತ್ರ ಒಣತುಟಿಯಲ್ಲೇ ನಕ್ಕು, "ತಟ್ಟೇಲಾದ್ರೂ ಗೆದ್ದೆಯಲ್ಲ, ಬಿಡು" ಎಂದ. ಅದೇ ವಾರ ತೀರಿಕೊಂಡ. ಅಮ್ಮ ಅತ್ತಿಗೆ ಬಡಿಸಿದ್ದನ್ನು ಉಣ್ಣುತ್ತಿದ್ದಳು. ಕೊನೆಯವರೆಗೂ ಅವರ ಮುಖ ನೋಡಲಿಲ್ಲ.

ಕೆಲವು ತಿಂಗಳ ಮೇಲೆ ನಾನು ಪ್ರಯೋಗಶಾಲೆಗೆ ಹೋದಾಗ, ಶೀತಪೆಟ್ಟಿಗೆಯಿಂದ ಅವರು ಪುಟ್ಟ ಸೀಸೆಯೊಂದನ್ನು ತೆಗೆಯುತ್ತಿದ್ದರು. ಏನದೆಂದು ಕೇಳಿದೆ. ಅಣ್ಣನನ್ನು ಕೊಂದ ಬ್ಯಾಕ್ಟೀರಿಯಾ. ಅದನ್ನು ಅವರು ಜೀವಂತವಾಗಿ ಸಾಕಿಕೊಂಡಿದ್ದರು, ಆಗಾಗ ಹೊರತೆಗೆದು ಅನ್ನವಿಟ್ಟು, ಬೆಚ್ಚಗಿರಿಸಿ.

"ಇದಕ್ಕಿಂತ ಹಟಮಾರಿ ನನಗೆ ಸಿಕ್ಕಿಲ್ಲ. ಹೊಸದು ಏನೇ ಮಾಡಿದ್ರೂ ಇದರ ಮೇಲೆ ನಡೆದ್ರೇನೇ ನಂಬೋದು," ಎಂದರು. ಸೀಸೆ ಹಿಡಿದಂತೆಯೇ ಕಣ್ಣನ್ನು ಭುಜಕ್ಕೆ ಒರೆಸಿಕೊಂಡರು.

ಗೆಲುವು ಬರಲಿಲ್ಲ. ಮೂತ್ರಪಿಂಡಕ್ಕೆ ಒಗ್ಗಿದ್ದು ಕಿಣ್ವವನ್ನು ಹಿಡಿಯಲಿಲ್ಲ; ಕಿಣ್ವವನ್ನು ಹಿಡಿದದ್ದು ಮೂತ್ರಪಿಂಡವನ್ನು ಬಿಡಲಿಲ್ಲ. ಹಾಗೆಯೇ ನಿವೃತ್ತರಾದರು, ಹಾಗೆಯೇ ಹೋದರು.

ಬಲ್ಲದ್ದನ್ನು ಬಲ್ಲೆನೆಂದೂ ಆಗದ್ದನ್ನು ಆಗದೆಂದೂ ತಮ್ಮವರ ಎದುರಿಗೇ ಹೇಳಬೇಕಾಗಿ ಬಂದವರನ್ನು ಲೋಕ ಕಲ್ಲೆದೆಯವರೆಂದು ಕರೆದು ಸಮಾಧಾನಪಟ್ಟುಕೊಳ್ಳುತ್ತದೆ. ಸುಳ್ಳು ಆಸೆ ಕೊಟ್ಟವರ ಜೊತೆ ಕೂತು ಅಳುವುದು ನಮಗೆ ಸುಲಭ. ಇಂಥವರು ಮಾತ್ರ ತಮ್ಮ ದುಃಖವನ್ನು ಒಬ್ಬರೇ ಅಳಬೇಕು, ಅದೂ ಕೆಲಸದ ನಡುವೆ.