ಹೊಳಪು ಕೊಟ್ಟ ಇಪ್ಪತ್ತಮೂರು ನಾಣ್ಯ

ಅಪ್ಪನ ಬಳಿ ಇದ್ದದ್ದು ಇಪ್ಪತ್ತಮೂರು ನಾಣ್ಯ. ಎಲ್ಲವೂ ಈಜಿಪ್ಟಿನಲ್ಲಿ ರಾಜರಿದ್ದ ಕಾಲದವು. ಸರಕು ಹಡಗಿನಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದಾಗ ಅಲ್ಲಿನ ಬಂದರುಗಳಲ್ಲಿ ಚಹಾಕ್ಕೆ, ಬ್ಲೇಡಿಗೆ ಕೊಟ್ಟು ಉಳಿದ ಚಿಲ್ಲರೆ. ಕೆಲವಕ್ಕೆ ಅಲೆಅಲೆಯಾದ ಅಂಚು, ಎಲ್ಲದರಲ್ಲೂ ಎತ್ತರದ ಟೊಪ್ಪಿ ತೊಟ್ಟ ಅದೇ ರಾಜ. ಹೊಳೆಯುವ ನಾಣ್ಯ ಸಿಕ್ಕರೆ ಅಪ್ಪ ವಾಪಸು ಕೊಡುತ್ತಿದ್ದ. "ನಾಲ್ಕು ಜೇಬು ನೋಡದೇ ಇದ್ದದ್ದು ನಂಗ್ಯಾಕೆ?"

ಎಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ನೆನಪು ಕೈಕೊಟ್ಟಿತು. ಹೆಂಡತಿ ತೀರಿಕೊಂಡದ್ದು, ಬಚ್ಚಲು ಯಾವ ಕಡೆ ಎನ್ನುವುದು, ಒಂದೊಂದೇ ಹೋದವು. ನಾಣ್ಯಗಳು ಮಾತ್ರ ಉಳಿದವು. ಬೆಳಿಗ್ಗೆ ಟವೆಲಿನ ಮೇಲೆ ಹರಡಿಕೊಂಡು ಹಾಜರಿ ತೆಗೆದುಕೊಳ್ಳುತ್ತಿದ್ದ: "ಇವನ ಕೆನ್ನೇಲಿ ಗೀರು, ಮೂವತ್ತೆಂಟನೇ ಇಸವಿ. ಇವನಿಗೆ ಮೂಗೇ ಇಲ್ಲ, ನಲವತ್ಮೂರು." ಕೊನೆಯದನ್ನು ಇಟ್ಟು ತಲೆಯೆತ್ತಿ, "ಮಗಳೇ, ಕಾಫಿ" ಎನ್ನುತ್ತಿದ್ದ. ಇಡೀ ದಿನದಲ್ಲಿ ಅವಳ ಗುರುತು ಸಿಗುತ್ತಿದ್ದುದು ಆಗ ಮಾತ್ರ.

ಮಗಳಿಗೆ ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಕೃತಕ ದವಡೆಗೆ ಹೊಳಪು ಕೊಡುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಅಪ್ಪನಿಗೆ ಎಂಬತ್ತು ತುಂಬುವ ಹಿಂದಿನ ದಿನ ನಾಣ್ಯಗಳನ್ನು ಅಲ್ಲಿಗೆ ಒಯ್ದಳು. ಉಜ್ಜಲು ಬಳಸುವ ಪ್ಯೂಮಿಸ್ ಕಲ್ಲಿನ ಪುಡಿ ಹಚ್ಚಿ, ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದಳು. ಒಂದೊಂದಕ್ಕೆ ಮೂರು ನಿಮಿಷ. ಒಟ್ಟು ಒಂದು ಗಂಟೆ ಒಂಬತ್ತು ನಿಮಿಷ.

ಬೆಳಿಗ್ಗೆ ಅಪ್ಪ ಟವೆಲನ್ನೇ ನೋಡಿದ.

"ಯಾರದ್ದಿದು?"

"ನಿಮ್ದೇ ಅಪ್ಪಾ. ಸ್ವಲ್ಪ ಪಾಲಿಶ್ ಮಾಡ್ದೆ."

"ಕಣ್ಣಿಗೆ ಮಣ್ಣೆರಚ್ತೀಯಾ? ಗೀರಿನವನು ಎಲ್ಲಿ?"

ಗೀರು ಚಕ್ರದಡಿ ಸವೆದುಹೋಗಿತ್ತು. ಅಂದು ಅವನು ಕಾಫಿ ಕೇಳಲಿಲ್ಲ. ಮರುದಿನವೂ ಇಲ್ಲ.

ಹಳೆ ನಾಣ್ಯದ ವ್ಯಾಪಾರಿ ಮಸೂರ ಹಿಡಿದು ನೋಡಿದ. "ರಾಜನಿಗೆ ಸ್ನಾನ ಮಾಡ್ಸೋಕೆ ಹೋಗಿ ಚರ್ಮಾನೇ ಸುಲಿದುಬಿಟ್ಟಿದ್ದೀರಲ್ಲ ತಾಯೀ!"

"ಮತ್ತೆ ಮೊದಲಿನ ಹಾಗೆ ಮಾಡಕ್ಕಾಗುತ್ತಾ?"

"ಬಣ್ಣ ಬರುತ್ತೆ, ನಲವತ್ತು ವರ್ಷ ಕಾದ್ರೆ. ಗೀರು ಬರಲ್ಲ."

ಅವನ ಡಬ್ಬಿಗಳನ್ನು ಕೆದಕಿ, ಅವೇ ಇಸವಿಗಳ, ಅಷ್ಟೇ ಸವೆದ ಇಪ್ಪತ್ತಮೂರನ್ನು ಕೂಡಿಸಲು ಎರಡು ವಾರ ಹಿಡಿಯಿತು. ಭಾನುವಾರ ಅವನ್ನು ಟವೆಲಿನ ಮೇಲೆ ಹರಡಿದಳು.

ಅಪ್ಪ ಒಂದೊಂದನ್ನೂ ಹೆಬ್ಬೆರಳಿನಿಂದ ಸವರಿದ. ಏಳನೆಯದಕ್ಕೆ ನಿಲ್ಲಿಸಿದ.

"ಮುಖ ಅದೇ. ಆದ್ರೆ ಇವ್ರು ನಮ್ಮವ್ರಲ್ಲ." ಅವಳನ್ನು ಹತ್ತಿರ ಕರೆದು ದನಿ ತಗ್ಗಿಸಿದ. "ನೀನು ಒಳ್ಳೆಯವಳ ಹಾಗೆ ಕಾಣ್ತೀಯ. ಒಂದು ಉಪಕಾರ ಮಾಡಮ್ಮ. ಈ ಮನೇಲಿ ಒಬ್ಬಳು ಕಳ್ಳಿ ಸೇರ್ಕೊಂಡಿದ್ದಾಳೆ. ನನ್ನ ಮಗಳು ಬಂದ್ರೆ ಹೇಳು."

"ಹೇಳ್ತೀನಿ."

"ಐದೂವರೆಗೆ ಬರ್ತಾಳೆ, ಲ್ಯಾಬಿಂದ."

ಐದೂವರೆಗೆ ಅವಳು ಕೆಲಸಕ್ಕೆ ಉಡುವ ಸೀರೆ ಉಟ್ಟು, ಬ್ಯಾಗು ಹೆಗಲಿಗೇರಿಸಿ, ಹಿಂಬಾಗಿಲಿನಿಂದ ಹೊರಟು, ಮನೆ ಸುತ್ತಿ ಬಂದು ಮುಂಬಾಗಿಲು ತಟ್ಟಿದಳು. ಅಪ್ಪ ಸಂದಿಯಷ್ಟು ತೆರೆದ. ಅವಳ ಮುಖವನ್ನು, ಬ್ಯಾಗನ್ನು, ಮತ್ತೆ ಮುಖವನ್ನು ನೋಡಿದ.

ಬಾಗಿಲು ಮುಚ್ಚಿತು. ಒಳಗಿನಿಂದ ಮೇಲಿನ ಚಿಲಕ ಬಿತ್ತು, ಆಮೇಲೆ ಕೆಳಗಿನದು.