ಆರನೇ ಕುಟೀರದ ಜಗಲಿ

ದಬ ದಬ ದಬ. ಅಡುಗೆಯವಳು ಚಿಲಕ ತೆಗೆದಾಗ ಹೊಸ್ತಿಲಾಚೆ ತಮ್ಮ ನಿಂತಿದ್ದ.

“ಏನೋ ಇದು, ದೆವ್ವ ಕಂಡವನ ಹಾಗೆ?”

“ಅಕ್ಕಾ, ನಾನಲ್ಲ. ನೀನಾದ್ರೂ ನಂಬು.”

ಅಷ್ಟೇ ಹೇಳಿ ಅವನು ಆರನೇ ಕುಟೀರದ ಕಡೆಗೆ ಓಡಿದ. ಶಾಲನ್ನು ಹೊದ್ದವಳೇ ಅವಳೂ ಬೆನ್ನುಹತ್ತಿದಳು.

ರಾಷ್ಟ್ರೀಯ ಉದ್ಯಾನದ ಆ ಒಳಗಾಡಿನ ಲಾಡ್ಜಿನಲ್ಲಿ ತಮ್ಮ ಕಾವಲುಗಾರ, ಅವಳ ಗಂಡ ಜೀಪಿನ ಡ್ರೈವರ್. ಕುಟೀರದ ಮುಂದೆ ಇಬ್ಬರೂ ಇದ್ದರು. ಜಗಲಿಯ ಕಟಕಟೆ ಮುರಿದು ಬಿದ್ದಿತ್ತು. ಯಾರೋ ಅಲ್ಲಿಟ್ಟಿದ್ದ ಉಪ್ಪಿನ ಗಟ್ಟಿಯನ್ನು ನೆಕ್ಕಲು ಒಂಟಿ ಆನೆಯೊಂದು ಜಗಲಿಗೇ ನುಗ್ಗಿ, ಆಗಲೇ ಕಾಡಿಗೆ ಮರಳಿತ್ತು. ಹೆದರಿ ಒಳಗೋಡುವಾಗ ಬಿದ್ದ ಅತಿಥಿ ಹೆಂಗಸಿನ ಮೊಣಕೈಯಿಂದ ರಕ್ತ ಒಸರುತ್ತಿತ್ತು.

ಮ್ಯಾನೇಜರ್ ಕೆಂಡಾಮಂಡಲವಾಗಿದ್ದರು. “ಕತ್ತಲಾದ ಮೇಲೆ ಇಲ್ಲಿ ಓಡಾಡೋನು ನೀನೊಬ್ಬನೇ. ಪ್ರಾಣಿಗೆ ಆಸೆ ತೋರಿಸಿ ಕರೆದವನಿಗೆ ಈ ಕಾಡಿನ ಗೇಟು ಜೀವಮಾನ ಪೂರ್ತಿ ಬಂದ್, ಗೊತ್ತು ತಾನೇ? ಬೆಳಗ್ಗೆ ಗಂಟುಮೂಟೆ ಕಟ್ಟು!”

ತಮ್ಮನ ಹೆಂಡತಿ ತುಂಬು ಗರ್ಭಿಣಿ. ಲಾಡ್ಜಿನ ಹಿಂದಿನ ಒಂದು ಕೋಣೆಯ ಹೊರತು ಅವರಿಗೆ ಬೇರೆ ಸೂರಿರಲಿಲ್ಲ.

“ಭಾವಮೈದ ಅಂತ ನಾನೇನೂ ಅಡ್ಡ ಬರಲ್ಲ ಸಾರ್,” ಎಂದ ಅವಳ ಗಂಡ. “ಉಪ್ಪು ತಿಂದವನು ನೀರು ಕುಡೀಲೇಬೇಕು.”

“ಭಾವಾ, ನೀವೂ ಹೀಗಂದ್ರೆ...”

“ಉರಿಯೋ ಮನೇಲಿ ಗಳ ಹಿರೀಬೇಡಿ!” ಅಡುಗೆಯವಳು ಗಂಡನ ಮೇಲೆ ಸಿಡಿದಳು. “ಅವನು ಯಾಕೆ ಉಪ್ಪು ಇಡ್ತಾನೆ? ಆನೆ ಬಂದ್ರೆ ಅದನ್ನ ಓಡಿಸೋ ಕರ್ಮ ಅವನದೇ ಅಲ್ವಾ?”

“ಜಗಳ ಆಮೇಲೆ,” ಮ್ಯಾನೇಜರ್ ಗದರಿದರು. “ಮೊದಲು ಈ ಅಮ್ಮನ ಗಾಯಕ್ಕೆ ಔಷಧಿ ಹಚ್ಚಿ. ಪೆಟ್ಟಿಗೆ ಎಲ್ಲಿ?”

“ಜೀಪಿನ ಸೀಟಿನ ಕೆಳಗೆ,” ಎಂದ ತಮ್ಮ.

“ನಾನು ತರ್ತೀನಿ, ನಾನು!” ಗಂಡ ಕೀಲಿ ಹಿಡಿದು ಮುಂದೆ ನುಗ್ಗಿದ.

“ಊಟದ ತಟ್ಟೆ ಎತ್ತದವರಿಗೆ ಇದೇನು ಸೇವಾಭಾವ?” ಎನ್ನುತ್ತ ಅವಳು ಕೀಲಿ ಕಿತ್ತುಕೊಂಡಳು.

ಸೀಟನ್ನೆತ್ತಿದಾಗ ಪೆಟ್ಟಿಗೆ ಸಿಕ್ಕಿತು. ಅದರ ಪಕ್ಕದಲ್ಲೊಂದು ಗೋಣಿಚೀಲವಿತ್ತು. ಬಾಯಿ ಬಿಚ್ಚಿ ನೋಡಿದರೆ ಒಳಗೆ ಉಪ್ಪಿನ ಗಟ್ಟಿಗಳು. ಈ ಅತಿಥಿಗಳು ಬಂದಾಗಿನಿಂದ ಒಂದು ಮೊಲವನ್ನೂ ಕಂಡಿರಲಿಲ್ಲ. ಸಂಜೆ ಊಟದ ಮೇಜಿನ ಬಳಿ ಗಂಡ ಮೀಸೆ ತಿರುವಿದ್ದ: “ಇವತ್ತು ಜಗಲಿ ಬಿಟ್ಟು ಏಳಬೇಡಿ. ಆನೆ ಬರದಿದ್ರೆ ನಾನು ಡ್ರೈವರೇ ಅಲ್ಲ!” ಅದನ್ನು ಕೇಳಿ ನಕ್ಕವರಲ್ಲಿ ಅವಳೂ ಒಬ್ಬಳು. ಬಕ್ಷೀಸಿನ ಆಸೆಗೆ ಮಾಡಿದನೋ, ಜಂಬಕ್ಕೆ ಮಾಡಿದನೋ, ಹಾಳಾಗಿ ಹೋಗಲಿ; ಆದರೆ ಹಸುವಿನಂಥ ಹುಡುಗನ ತಲೆಗೆ ಅದನ್ನು ಕಟ್ಟಿ, ಮೇಲೆ ಗಾದೆ ಬೇರೆ ಹೇಳುತ್ತಾನೆ!

ಹಿಂತಿರುಗಿದವಳು ಮೊದಲು ಗಾಯ ತೊಳೆದು ಪಟ್ಟಿ ಕಟ್ಟಿದಳು. ಆಮೇಲೆ ಚೀಲವನ್ನು ಮ್ಯಾನೇಜರರ ಕಾಲ ಬುಡದಲ್ಲಿ ಬೋರಲು ಹಾಕಿದಳು. ಬಿಳಿಯ ಗಟ್ಟಿಗಳು ಉರುಳಿದವು.

“ಏನಮ್ಮಾ ಇದು? ಯಾರು ಇಟ್ಟಿದ್ದು?”

“ಲೇ, ಮನೆ ಮಾತು ಮನೇಲಿ ಆಡೋಣ, ಬಾ,” ಗಂಡ ಪಿಸುಗುಟ್ಟಿ ಅವಳ ರಟ್ಟೆ ಹಿಡಿದ.

ಅವಳು ಕೊಡವಿಕೊಂಡಳು. ಇಷ್ಟು ವರ್ಷ ಬಹುವಚನ ತಪ್ಪದಿದ್ದ ನಾಲಿಗೆ ಆ ಕ್ಷಣ ಏಕವಚನಕ್ಕಿಳಿಯಿತು.

“ಉಪ್ಪು ತಂದು ಇಟ್ಟವನು ಇವನೇ ಸಾರ್, ನನ್ನ ಗಂಡ.”